ಹಿತ್ತಲಿನ ಮರಕ್ಕೂ ಒಂದು ಚರಿತ್ರೆ

ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪಿಗೆ ನೀವು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಹೋಗಿದ್ದೀರಾ? ಬಂಡೆಗಳು ಕಾದ ಹೆಂಚಿನಂತಿರುತ್ತವೆ. ಗುಡ್ಡದ ಹುಲ್ಲು ಒಣಗಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಆದರೆ ರಸ್ತೆಯ ಅಂಚು, ಹಳ್ಳದ ದಂಡೆ, ಬೀಳುಬಿಟ್ಟ ಹೊಲ, ಊರಿನ ಖಾಲಿ ನಿವೇಶನ, ಇಲ್ಲೆಲ್ಲ ಒಂದು ಮುಳ್ಳುಮರ ಮಾತ್ರ ಹಚ್ಚಹಸಿರಾಗಿ ನಿಂತಿರುತ್ತದೆ. ಅದೇನೆಂದು ಕೇಳಿದರೆ ಚಿಕ್ಕ ಮಕ್ಕಳೂ 'ಬಳ್ಳಾರಿ ಜಾಲಿ' ಎನ್ನುತ್ತಾರೆ. ಹೆಸರಿನಲ್ಲೇ ಬಳ್ಳಾರಿ ಇರುವುದರಿಂದ ಅದು ಈ ನೆಲದ್ದೇ ಮರವೆಂದು ನಂಬಿದವರೂ ಉಂಟು.

ಆದರೆ ಅದು ಈ ನೆಲದ್ದಲ್ಲ. ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಹೆಸರಿನಿಂದ ಸಸ್ಯವಿಜ್ಞಾನದಲ್ಲಿ ಬಹುಕಾಲ ಪರಿಚಿತವಾಗಿದ್ದ ಈ ಮರದ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಕೆರಿಬಿಯನ್ ದ್ವೀಪಗಳು. ಅದು ಭಾರತಕ್ಕೆ ಬಂದು ಒಂದೂವರೆ ಶತಮಾನವಷ್ಟೇ ಆಗಿದೆ. ಅದರ ಬೆನ್ನಿಗೇ ಹೂವಿಗಾಗಿ, ನೆರಳಿಗಾಗಿ, ಮೇವಿಗಾಗಿ ಇನ್ನೂ ಹಲವು ಮರಗಳು ನಮ್ಮ ಮನೆಯಂಗಳಕ್ಕೆ ಬಂದವು. ಈಗ ಅವುಗಳಲ್ಲಿ ಕೆಲವನ್ನು ತೆಗೆದು ನಾಡಿನ ಮರಗಳನ್ನು ನೆಡಬೇಕೆಂಬ ಮಾತು ಕೇಳಿಬರುತ್ತಿದೆ. ಹಾಗೆ ಮಾಡುವ ಮೊದಲು ಅವು ಏಕೆ ಬಂದವು, ಯಾರು ತಂದರು ಎಂಬುದನ್ನು ತಿಳಿಯುವುದು ಒಳ್ಳೆಯದು. ಇಲ್ಲವಾದರೆ ಹಿಂದಿನವರು ಮಾಡಿದ ತಪ್ಪನ್ನೇ ಬೇರೊಂದು ಗಿಡದ ಹೆಸರಿನಲ್ಲಿ ನಾವೂ ಮಾಡುತ್ತೇವೆ.

ಪಾಯೆಸ್ ಕಂಡ ಮನೆದೋಟಗಳು

ಕ್ರಿ.ಶ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದ. ಗುಡ್ಡವೊಂದನ್ನು ಹತ್ತಿ ನಗರವನ್ನು ನೋಡಿದ ಆತ, ಅದು ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತೆಂದು ಬರೆದಿದ್ದಾನೆ. ಅದರ ಜೊತೆಗೇ ಅವನು ಹೇಳುವ ಇನ್ನೊಂದು ಸಂಗತಿ ನಮಗೆ ಮುಖ್ಯ. ನಗರದೊಳಗೆ ಮನೆಗಳ ತೋಟಗಳಲ್ಲಿ ಮರಗಳ ತೋಪುಗಳಿದ್ದವು. ಅವುಗಳ ನಡುವೆ ಕಾಲುವೆಗಳು ಹರಿಯುತ್ತಿದ್ದವು. ಮಾವು, ಹಲಸು, ಅಡಿಕೆ, ನಿಂಬೆ, ಕಿತ್ತಳೆ ಮರಗಳ ಹೆಸರುಗಳೂ ಅವನ ಬರಹದಲ್ಲಿವೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಹಲಸು, ಅಡಿಕೆ ತಾವಾಗಿ ಬೆಳೆಯುವಂಥವಲ್ಲ. ತುಂಗಭದ್ರೆಯ ಕಾಲುವೆ ನೀರು ಅವುಗಳನ್ನು ಬದುಕಿಸಿತ್ತು. ನೀರು ನಿಂತರೆ ಆ ತೋಟಗಳೂ ನಿಲ್ಲುತ್ತಿದ್ದವು. ಗೋಡೆ ದಾಟಿ ಗುಡ್ಡವನ್ನು ಆಕ್ರಮಿಸುವ ಶಕ್ತಿ ಆ ಮರಗಳಿಗೆ ಇರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಹೊರಗಿನಿಂದ ಬಂದ ಗಿಡಗಳೆಲ್ಲ ಕೆಟ್ಟವಲ್ಲ. ನಮ್ಮ ಅಡುಗೆಮನೆಯ ಮೆಣಸಿನಕಾಯಿ ಮತ್ತು ಟೊಮ್ಯಾಟೊ, ಹಿತ್ತಲಿನ ಪೇರಲ ಮತ್ತು ಪಪ್ಪಾಯಿ, ಇವೆಲ್ಲ ಅಮೆರಿಕ ಖಂಡದವು. ಸಾಲುಮರವಾಗಿ ನಮಗೆ ಚಿರಪರಿಚಿತವಾದ ಹುಣಸೆಯ ಮೂಲವೂ ಆಫ್ರಿಕವೆಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಆದರೆ ಅದು ಸಾವಿರಾರು ವರ್ಷಗಳಿಂದ ಇಲ್ಲಿದ್ದು, ಯಾರನ್ನೂ ಒಕ್ಕಲೆಬ್ಬಿಸದೆ ಊರಿನವನಾಗಿದೆ. ಆದ್ದರಿಂದ 'ವಿದೇಶಿ' ಎಂಬುದು ಬೇರೆ, 'ಆಕ್ರಮಣಕಾರಿ' ಎಂಬುದು ಬೇರೆ. ನೆಟ್ಟವರ ಕೈಮೀರಿ ತಾನಾಗಿ ಹರಡಿ, ಸ್ಥಳೀಯ ಗಿಡಮರಗಳ ಜಾಗವನ್ನು ಕಸಿಯುವ ಹೊರಗಿನ ಸಸ್ಯವಷ್ಟೇ ಆಕ್ರಮಣಕಾರಿ. ಮರದ ಊರನ್ನು ಕೇಳಿದರೆ ಸಾಲದು, ಅದರ ನಡತೆಯನ್ನೂ ಕೇಳಬೇಕು.

ಬರಗಾಲದ ಅವಸರ

ಬಳ್ಳಾರಿ ಜಾಲಿಯ ಕಥೆ ಸೌದೆಯ ಕೊರತೆಯಿಂದ ಆರಂಭವಾಗುತ್ತದೆ. 19ನೇ ಶತಮಾನದಲ್ಲಿ ಬಳ್ಳಾರಿ, ಕಡಪ, ಕರ್ನೂಲು ಜಿಲ್ಲೆಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಒಲೆಗೆ ಮಾತ್ರವಲ್ಲದೆ ರೈಲು ಎಂಜಿನ್ನುಗಳಿಗೂ ಸೌದೆ ಬೇಕಾಗಿದ್ದ ಕಾಲವದು. ಒಣಸೀಮೆಯಲ್ಲಿ ನೀರು ಕೇಳದೆ ಬೇಗ ಬೆಳೆಯುವ ಮರವೊಂದಕ್ಕಾಗಿ ಪ್ರಾಂತದ ಅರಣ್ಯ ಇಲಾಖೆ ಹುಡುಕುತ್ತಿತ್ತು. ಇಲಾಖೆಯ ಮುಖ್ಯಸ್ಥರಾಗಿದ್ದ ರಿಚರ್ಡ್ ಹೆನ್ರಿ ಬೆಡ್ಡೋಮ್ (1830-1911) ಸಸ್ಯಗಳನ್ನೂ ಸರೀಸೃಪಗಳನ್ನೂ ಅಧ್ಯಯನ ಮಾಡಿದ್ದ ಅಧಿಕಾರಿ. ಅಮೆರಿಕದ ಈ ಮುಳ್ಳುಮರದ ಬೀಜಗಳನ್ನು ತರಿಸುವ ಪ್ರಯತ್ನದಲ್ಲಿ ಅವರ ಹೆಸರು ಮುಖ್ಯವಾಗಿ ಕೇಳಿಬರುತ್ತದೆ. 1877ರಲ್ಲಿ ಬೀಜಗಳನ್ನು ಕಮಲಾಪುರಂನಲ್ಲಿ ಬಿತ್ತಲಾಯಿತು. ಇದು ಹಂಪಿಯ ಪಕ್ಕದ ನಮ್ಮ ಕಮಲಾಪುರವಲ್ಲ, ಕಡಪ ಜಿಲ್ಲೆಯ ಕಮಲಾಪುರಂ ಎಂಬುದನ್ನು ಗಮನಿಸಿ.

ಆ ಇಸವಿಯನ್ನು ಇನ್ನೊಮ್ಮೆ ನೋಡಿ. 1876ರಿಂದ 1878ರವರೆಗಿನ ಭೀಕರ ಬರವನ್ನು ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಬಳ್ಳಾರಿ ಜಿಲ್ಲೆ ಅದರ ಹೊಡೆತಕ್ಕೆ ಅತಿಯಾಗಿ ಸಿಕ್ಕ ಜಿಲ್ಲೆಗಳಲ್ಲೊಂದು. ಹಸಿರೆಂಬುದೇ ಕಾಣದ ಅಂಥ ಹೊತ್ತಿನಲ್ಲಿ, ಬರಕ್ಕೆ ಬಗ್ಗದ ಮರವೊಂದು ಸಿಕ್ಕಿತೆಂದರೆ ಅದರ ಬೀಜ ಮುಂದೆ ಎಲ್ಲಿಗೆ ಹೋಗುತ್ತದೆಂದು ಯೋಚಿಸುವ ವ್ಯವಧಾನ ಯಾರಿಗಿತ್ತು? ಅವರನ್ನು ಹಳಿಯುವುದು ಸುಲಭ. ಆದರೆ ಅವರ ಮುಂದಿದ್ದ ಪ್ರಶ್ನೆ ಒಂದೇ ಆಗಿತ್ತು: ಇದು ಬೇಗ ಬೆಳೆಯುತ್ತದೆಯೇ?

ಮುಂದೆ ಈ ಮರ ದೇಶದ ಒಣಸೀಮೆಗಳಲ್ಲೆಲ್ಲ ಹಬ್ಬಿತು. ಜೋಧಪುರ ಸಂಸ್ಥಾನವು 1940ರಲ್ಲಿ ಅದಕ್ಕೆ ರಾಜವೃಕ್ಷದ ಪಟ್ಟವನ್ನೇ ಕೊಟ್ಟಿತು. ಜನ ಇಟ್ಟ ಹೆಸರುಗಳಲ್ಲಿಯೂ ಚರಿತ್ರೆ ಅಡಗಿದೆ. ತೆಲುಗಿನಲ್ಲಿ ಅದು 'ಸರ್ಕಾರು ತುಮ್ಮ', ಅಂದರೆ ಸರಕಾರದ ಜಾಲಿ. ತಮಿಳಿನಲ್ಲಿ 'ಸೀಮೈ ಕರುವೇಲಂ', ಅಂದರೆ ಸೀಮೆಯಾಚೆಯಿಂದ ಬಂದ ಕರಿಜಾಲಿ. ಗುಜರಾತಿನಲ್ಲಿ 'ಗಾಂಡೋ ಬಾವಳ', ಅಂದರೆ ಹುಚ್ಚು ಜಾಲಿ. ತಂದವರು ಯಾರು, ಬಂದದ್ದು ಎಲ್ಲಿಂದ, ಬಂದ ಮೇಲೆ ಮಾಡಿದ್ದೇನು ಎಂಬ ಮೂರು ಪ್ರಶ್ನೆಗಳಿಗೆ ಮೂರು ಭಾಷೆಗಳು ಉತ್ತರ ಹೇಳುತ್ತವೆ. ಕನ್ನಡಿಗರು ಮಾತ್ರ ಅದಕ್ಕೆ ಬಳ್ಳಾರಿಯ ಹೆಸರಿಟ್ಟು ಅದರ ತವರನ್ನೇ ಮರೆತರು!

ಈ ಇಸವಿಯಿಂದ ಇತಿಹಾಸದ ವಿದ್ಯಾರ್ಥಿಗಳಿಗೂ ಒಂದು ಉಪಯೋಗವಿದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪಿಯ ಸ್ಮಾರಕಗಳ ಛಾಯಾಚಿತ್ರಗಳನ್ನು ತೆಗೆದರು. 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳನ್ನು ಮತ್ತೆ ಚಿತ್ರಿಸಿದರು. 1856ರ ಚಿತ್ರಗಳಲ್ಲಿ ಕಾಣುವ ಮರ ಯಾವುದೇ ಆಗಿರಲಿ, ಅದು ಬಳ್ಳಾರಿ ಜಾಲಿಯಾಗಿರಲು ಸಾಧ್ಯವಿಲ್ಲ. ಈ ಚಿತ್ರಗಳ ಪುಸ್ತಕ ಕೈಗೆ ಸಿಕ್ಕರೆ ಎರಡನ್ನೂ ಅಕ್ಕಪಕ್ಕ ಇಟ್ಟು ಕಟ್ಟಡಗಳ ಬದಲು ಗಿಡಮರಗಳನ್ನು ನೋಡಿ.

ಅಂದಕ್ಕಾಗಿ ಬಂದವು

ಬಳ್ಳಾರಿ ಜಾಲಿ ಸೌದೆಗಾಗಿ ಬಂದರೆ, ಇನ್ನು ಕೆಲವು ಚೆಲುವಿಗಾಗಿ ಬಂದವು. ಮೊದಲಿನದು ಲಂಟಾನ. ಬಣ್ಣಬಣ್ಣದ ಹೂಗೊಂಚಲಿನ ಈ ಅಮೆರಿಕದ ಪೊದೆಯನ್ನು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ತರಲಾಯಿತು. ಇಂದು ಬಂಡೀಪುರದಂಥ ಕಾಡುಗಳ ನೆಲವನ್ನು ಅದು ಮುಚ್ಚಿದೆ. ಉದ್ಯಾನದ ಬೇಲಿ ಕಾಡಿನ ಬೇನೆಯಾದದ್ದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮಡಗಾಸ್ಕರಿನ ಗುಲ್‌ಮೊಹರ್ ಬಂದದ್ದೂ 19ನೇ ಶತಮಾನದಲ್ಲೇ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್, ವರ್ಷದ ಎಲ್ಲ ತಿಂಗಳುಗಳಲ್ಲಿ ಒಂದಲ್ಲ ಒಂದು ರಸ್ತೆ ಹೂಬಿಟ್ಟಿರುವಂತೆ ಮರಗಳನ್ನು ಆರಿಸಿ ನೆಡಿಸಿದರು. ಅದು ಸುಂದರ ಕಲ್ಪನೆಯೇ. ಆ ಮಾದರಿಯನ್ನು ಕಂಡ ಇತರ ಊರುಗಳೂ ಹೂವಿನ ಮರಗಳನ್ನು ಬಯಸಿದವು. ಗುಲ್‌ಮೊಹರ್ ನಮ್ಮ ಸೀಮೆಯಲ್ಲಿ ಕಾಡಿಗೆ ನುಗ್ಗಿದ ಮರವಲ್ಲ. ಅದನ್ನು ಜಾಲಿಯ ಸಾಲಿಗೆ ಸೇರಿಸುವುದು ಅನ್ಯಾಯ. ಅದರ ದೋಷಗಳು ಬೇರೆ: ಬೇರು ಮೇಲ್ಮೇಲೆ ಹರಡುತ್ತದೆ, ಕೊಂಬೆಗಳು ಗಾಳಿಗೆ ಮುರಿಯುತ್ತವೆ.

ನೀರುಕಾಯಿ ಮರವನ್ನು ನೀವು ಬಲ್ಲಿರಿ. ಅದರ ಮೊಗ್ಗನ್ನು ಹಿಚುಕಿ ಗೆಳೆಯರ ಮುಖಕ್ಕೆ ನೀರು ಚಿಮ್ಮಿಸದೆ ಬೆಳೆದವರು ಕಡಿಮೆ. ಪಶ್ಚಿಮ ಆಫ್ರಿಕದ ಈ ಮರದ ಬೀಜಕ್ಕೆ ತೆಳುವಾದ ರೆಕ್ಕೆಯಿದ್ದು ಗಾಳಿಯಲ್ಲಿ ದೂರ ಹಾರುತ್ತದೆ. ಮಳೆ ಹೆಚ್ಚಿರುವ ಹವಾಯಿ, ಫಿಜಿ ದ್ವೀಪಗಳಲ್ಲಿ ಅದು ದೊಡ್ಡ ಪಿಡುಗು. ಹೊಸಪೇಟೆಯ ಒಣಹವೆಯಲ್ಲಿ ಅಂಥ ಅಬ್ಬರ ಕಾಣುವುದಿಲ್ಲ. ಒಂದೇ ಮರ ಒಂದೆಡೆ ಸಾಧು, ಇನ್ನೊಂದೆಡೆ ದಾಳಿಕೋರ ಆಗಬಲ್ಲದು.

1970-80ರ ದಶಕಗಳಲ್ಲಿ ಬಂದದ್ದು ಮೆಕ್ಸಿಕೊ ಮೂಲದ ಸುಬಾಬುಲ್. ಮೇವು, ಸೌದೆ, ಗೊಬ್ಬರ ಎಲ್ಲವನ್ನೂ ಕೊಡುವ ಪವಾಡದ ಮರವೆಂದು ಅದನ್ನು ಹೊಗಳಲಾಯಿತು. ಹೊಗಳಿಕೆಯಲ್ಲಿ ಸುಳ್ಳಿರಲಿಲ್ಲ. ಆದರೆ ಅದರ ಗೊಂಚಲು ಗೊಂಚಲು ಕಾಯಿಗಳಿಂದ ಸಿಡಿಯುವ ಬೀಜಗಳನ್ನು ಯಾರೂ ಲೆಕ್ಕಹಾಕಲಿಲ್ಲ. 2000ನೇ ಇಸವಿಯಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಪ್ರಕಟಿಸಿದ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನ, ನೀರುಕಾಯಿ, ಸುಬಾಬುಲ್ ಮೂರೂ ಇವೆ. ಜಾಲಿಯ ಹತ್ತಿರದ ಬಂಧುವೂ ಅದರಲ್ಲಿದೆ.

ಈ ಸರಣಿ ನಿಂತಿಲ್ಲ. ಈಚಿನ ವರ್ಷಗಳಲ್ಲಿ ಮನೆ, ಬಡಾವಣೆಗಳ ಬೇಲಿಗೆ 'ಕೋನೋಕಾರ್ಪಸ್' ಎಂಬ ಗಿಡವನ್ನು ಸಾಲುಸಾಲಾಗಿ ನೆಟ್ಟರು. ಅದು ಬೇಗ ಬೆಳೆದು ಹಸಿರು ಗೋಡೆಯಂತಾಗುತ್ತದೆ. 2023ರಲ್ಲಿ ಗುಜರಾತ್ ಸರಕಾರ ಅದನ್ನು ನೆಡುವುದನ್ನು ನಿಷೇಧಿಸಿತು. 1877ರಲ್ಲಿ ಕೇಳಿದ ಪ್ರಶ್ನೆಯನ್ನೇ ನಾವು ಇಂದೂ ಕೇಳುತ್ತಿದ್ದೇವೆ ಎಂಬುದಕ್ಕೆ ಇದು ಸಾಕ್ಷಿ.

ಬೇರಿನ ಭೌತವಿಜ್ಞಾನ

ನಾನು ಭೌತವಿಜ್ಞಾನದ ಮೇಷ್ಟ್ರು. ಆದ್ದರಿಂದ ಎರಡು ಚಿಕ್ಕ ಲೆಕ್ಕಗಳಿಗೆ ನಿಮ್ಮ ಅನುಮತಿ ಬೇಡುತ್ತೇನೆ.

ಮೊದಲನೆಯದು ಬೇರಿನದು. ಅಮೆರಿಕದ ಅರಿಜೋನ ರಾಜ್ಯದ ತೆರೆದ ಗಣಿಯೊಂದರಲ್ಲಿ ಈ ಜಾಲಿ ಕುಲದ ಮರದ ಬೇರು ಸುಮಾರು 53 ಮೀಟರ್ ಆಳದಲ್ಲಿ ಸಿಕ್ಕಿದ್ದು 1960ರ ದಶಕದಲ್ಲಿ ವರದಿಯಾಯಿತು. ಎಲ್ಲ ಮರಗಳ ಬೇರೂ ಅಷ್ಟು ಇಳಿಯುವುದಿಲ್ಲ, ನಿಜ. ಆದರೆ ಇಳಿಯಬಲ್ಲದು. ಈಗ ಯೋಚಿಸಿ: ಮೇಲಿನಿಂದ ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದು; ವಾಯುಮಂಡಲದ ಒತ್ತಡ ಅಷ್ಟನ್ನೇ ತಾಳುವುದು. ಹಾಗಾಗಿಯೇ ಕೊಳವೆಬಾವಿಯ ಪಂಪನ್ನು ಆಳಕ್ಕೆ ಇಳಿಸಿ ಕೆಳಗಿನಿಂದ ನೀರನ್ನು ತಳ್ಳುತ್ತೇವೆ. ಮರಕ್ಕೆ ಅಂಥ ಪಂಪಿಲ್ಲ. ಹಾಗಾದರೆ 53 ಮೀಟರ್ ಹೇಗೆ? ಎಲೆಯಿಂದ ನೀರು ಆವಿಯಾದಂತೆ, ಸೂಕ್ಷ್ಮ ನಾಳಗಳೊಳಗಿನ ನೀರಿನ ಎಳೆ ಹಗ್ಗದಂತೆ ಮೇಲಕ್ಕೆ ಎಳೆಯಲ್ಪಡುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಡದೆ ಹಿಡಿದಿರುತ್ತವೆ. 53 ಮೀಟರಿಗೆ ಬೇಕಾದ ಸೆಳೆತ ಐದು ವಾಯುಮಂಡಲಗಳಿಗೂ ಹೆಚ್ಚು. ಈ ವಿವರಣೆಯನ್ನು 1894ರಲ್ಲಿ ಕೊಟ್ಟವರು ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ. ಜಾಲಿಯ ಗುಟ್ಟನ್ನು ಜಾಲಿಯವರೇ ಬಿಡಿಸಬೇಕಾಯಿತು! ಮೇ ತಿಂಗಳಲ್ಲೂ ಬಳ್ಳಾರಿ ಜಾಲಿ ಹಸಿರಾಗಿರುವುದು ಹೀಗೆ. ನಾಡಿನ ಮುತ್ತುಗ, ದಿಂಡಿಗಗಳು ಬೇಸಿಗೆಗೆ ಎಲೆ ಉದುರಿಸಿ ನೀರಿನ ಖರ್ಚನ್ನು ಇಳಿಸುತ್ತವೆ. ಜಾಲಿಯದು ಆಳದ ಠೇವಣಿಯಿಂದ ಹಣ ತೆಗೆದು ನಡೆಸುವ ಸಂಸಾರ.

ಎರಡನೆಯದು ಸಂಖ್ಯೆಯ ಲೆಕ್ಕ. ಜಾಲಿಯ ಎಲೆಯನ್ನು ದನಕರುಗಳು ಮುಟ್ಟುವುದು ಕಡಿಮೆ. ಸಿಹಿಯಾದ ಕಾಯನ್ನು ಮಾತ್ರ ಇಷ್ಟಪಟ್ಟು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಮೆತ್ತಗಾಗಿ, ಸಗಣಿಯೊಡನೆ ಬಿದ್ದು, ಚೆನ್ನಾಗಿ ಮೊಳೆಯುತ್ತದೆ. ಕಾಲುವೆಯ ನೀರೂ ಕಾಯನ್ನು ಸಾಗಿಸುತ್ತದೆ. ಒಂದು ಮರ ಐದು ವರ್ಷಕ್ಕೆ ಎರಡಾಗುತ್ತದೆ ಎಂದಷ್ಟೇ ಇಟ್ಟುಕೊಳ್ಳೋಣ. 50 ವರ್ಷಕ್ಕೆ 1,024 ಮರಗಳು. 100 ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು. ನಿಜವಾದ ಬೆಳವಣಿಗೆ ಇಷ್ಟು ನಿಯತವಲ್ಲ, ಜಾಗ ಮುಗಿದಾಗ ಅದು ನಿಲ್ಲಲೇಬೇಕು. ಆದರೆ ಆರಂಭದಲ್ಲಿ ಕಾಣದಷ್ಟು ಮೆಲ್ಲಗೆ, ಆಮೇಲೆ ತಡೆಯಲಾಗದಷ್ಟು ವೇಗವಾಗಿ ಏರುವ ಈ ಗುಣವೇ ಆಕ್ರಮಣಕಾರಿ ಸಸ್ಯಗಳ ಮರ್ಮ. ಕಾಂಪೌಂಡಿನಲ್ಲಿ ಒಂದೇ ಮರವಿದೆಯಲ್ಲ ಎಂಬ ಸಮಾಧಾನ ಸಲ್ಲದು.

ನಮ್ಮ ಮನೆಯ ಪಾಠ

ನಮ್ಮ ತಂದೆಯವರು 1980ರ ದಶಕದಲ್ಲಿ ಮನೆಯ ಪಶ್ಚಿಮಕ್ಕೆ ಎರಡು ಸುಬಾಬುಲ್ ಸಸಿ ನೆಟ್ಟಿದ್ದರು. ಆಗ ಮನೆಯಲ್ಲಿ ಆಡುಗಳಿದ್ದವು, ಮೇವು ಬೇಕಿತ್ತು. ಆಡುಗಳು ಹೋದ ಮೇಲೆ ಕಾಯಿ ಕೀಳುವವರಿಲ್ಲದೆ ಹಿತ್ತಲು, ಚರಂಡಿ, ಪಕ್ಕದವರ ನಿವೇಶನ ಎಲ್ಲೆಲ್ಲೂ ಸಸಿಗಳೆದ್ದವು. ಪುಸ್ತಕ ಓದಿದ ಉತ್ಸಾಹದಲ್ಲಿ ನಾನು ಒಂದು ಫೆಬ್ರವರಿಯಲ್ಲಿ ಎರಡನ್ನೂ ಕಡಿಸಿದೆ. ಆ ಬೇಸಿಗೆ ಪಶ್ಚಿಮದ ಗೋಡೆ ರಾತ್ರಿ ಹತ್ತಾದರೂ ಬಿಸಿಯಾಗಿಯೇ ಇರುತ್ತಿತ್ತು. "ನೆಳ್ಳು ಕಡದು ಏನ್ ಸಾಧಿಸಿದಿ? ಮೊದ್ಲು ನೆಡಬೇಕಿತ್ತು, ಆಮ್ಯಾಲ ಕಡೀಬೇಕಿತ್ತು" ಎಂದರು ನಮ್ಮ ತಾಯಿ. ಮೊದಲ ಮಳೆಗೆ ಕಡಿದ ಬುಡಗಳೂ ಚಿಗುರಿದವು. ನೆರಳೂ ಹೋಯಿತು, ಮರವೂ ಹೋಗಲಿಲ್ಲ.

ತಾಯಿಯವರ ಮಾತಿನ ಹಿಂದಿನ ಲೆಕ್ಕ ಇದು: ಮರವೊಂದು ಹಗಲಿನಲ್ಲಿ 50 ಲೀಟರ್ ನೀರನ್ನು ಆವಿ ಮಾಡುತ್ತದೆಂದು ಭಾವಿಸಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು. ಒಟ್ಟು 120 ಮೆಗಾಜೂಲ್, ಅಂದರೆ ಸುಮಾರು 33 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ. ಒಂದು ಟನ್ನಿನ ಏರ್ ಕಂಡಿಷನರ್ ಹತ್ತು ಗಂಟೆಗಳಲ್ಲಿ ಹೊರಹಾಕುವ ಶಾಖ ಹೆಚ್ಚುಕಡಿಮೆ ಇಷ್ಟೇ. ಎಂಥ ಮರವನ್ನಾದರೂ ತೆಗೆಯುವ ಮುನ್ನ ಈ ಸೇವೆಯನ್ನು ಮುಂದುವರಿಸುವವರು ಯಾರೆಂದು ನಿರ್ಧರಿಸಬೇಕು.

ಬಳ್ಳಾರಿ ಜಾಲಿಯ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಗ್ಯಾಸ್ ಸಿಲಿಂಡರಿನ ಹಣ ಹೊಂದಿಸಲಾರದ ಮನೆಗಳಿಗೆ ಅದು ಇಂದಿಗೂ ಒಲೆಯ ಸೌದೆ. ಇದ್ದಿಲು ಸುಡುವವರಿಗೆ ಅದೇ ಜೀವನ. ನಮ್ಮ ಹಿತ್ತಲಿನಿಂದ ಅದನ್ನು ತೆಗೆಯೋಣ. ಆದರೆ ಬಡವರ ಸೌದೆಗೆ ಬದಲಿ ಹೇಳದೆ ಊರಿನದನ್ನೆಲ್ಲ ಕಿತ್ತೊಗೆಯಿರಿ ಎನ್ನುವುದು ನ್ಯಾಯವಲ್ಲ.

ಯಾವುದನ್ನು, ಎಲ್ಲಿ ನೆಡಬೇಕು?

ಹಂಪಿಯ ಅಕ್ಷಾಂಶ ಸುಮಾರು 15.3 ಡಿಗ್ರಿ ಉತ್ತರ. ಮೇ ತಿಂಗಳ ಮೊದಲ ದಿನಗಳಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ; ಶೂನ್ಯ ನೆರಳಿನ ದಿನವೆಂದು ನೀವು ಶಾಲೆಯಲ್ಲಿ ಆಚರಿಸುವುದು ಅದನ್ನೇ. ಆ ಹೊತ್ತಿನಲ್ಲಿ ಗೋಡೆಗಳಿಗೆ ಬಿಸಿಲಿಲ್ಲ. ಗೋಡೆಯನ್ನು ಕಾಯಿಸುವುದು ಮಧ್ಯಾಹ್ನ ಮೂರರ ನಂತರದ ಪಶ್ಚಿಮದ ಬಿಸಿಲು. ಆದ್ದರಿಂದ ನೆರಳಿನ ಮರ ಪಶ್ಚಿಮಕ್ಕಿರಲಿ. ಅಲ್ಲಿಗೆ ಹೊಂಗೆ ಅಥವಾ ಬೇವು ತಕ್ಕದ್ದು. ಎರಡೂ ಬೇಸಿಗೆಯ ಹೊತ್ತಿಗೆ ಹೊಸ ಎಲೆ ತಳೆಯುತ್ತವೆ. ಗೋಡೆಯಿಂದ ನಾಲ್ಕೈದು ಮೀಟರ್ ದೂರವಿರಲಿ.

ಹಳದಿ ಹೂವು ಬೇಕಾದವರಿಗೆ ಕಕ್ಕೆ ಇದೆ. ಅದರ ಕಾಯಿಯ ತಿರುಳು ಕರಡಿಗೂ ಪ್ರಿಯ. ಕಮಲಾಪುರದ ಬಳಿಯ ದರೋಜಿ ಕರಡಿಧಾಮ (1994) ನಮ್ಮ ನೆರೆಯಲ್ಲೇ ಇದೆ. ಕೆಂಪು ಹೂವು ಬೇಕಾದರೆ ಗುಲ್‌ಮೊಹರಿಗೆ ಬದಲು ಮುತ್ತುಗ. ಚಿಕ್ಕ ಅಂಗಳಕ್ಕೆ ಬಿಲ್ವ, ಬೇಲಿಗೆ ಲಕ್ಕಿ. ಕಂಪ್ಲಿಯ ಕಡೆ ಕಾಲುವೆ ನೀರು ಸಿಗುವ ಜಾಗದಲ್ಲಿ ನೇರಳೆ. ಸಂಡೂರಿನ ಗಣಿಪ್ರದೇಶದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿ, ಹಾಳಾದ ನೆಲದ ಪುನಶ್ಚೇತನಕ್ಕೆ ಯೋಜನೆಗಳನ್ನು ಕಡ್ಡಾಯ ಮಾಡಿತು. ಅಂಥ ಮಣ್ಣಿನ ಗುಡ್ಡೆಗಳ ಮೇಲೆ ಸಸಿ ನೆಡುವಾಗಲೂ 'ಬೇಗ ಹಸಿರಾಗಲಿ' ಎಂಬ ಅವಸರ ಸಹಜ. ದಿಂಡಿಗ, ಕಮರದಂಥ ಒಣಕಾಡಿನ ಮರಗಳು ನಿಧಾನವಾಗಿ ಬೆಳೆಯುತ್ತವೆ, ಆದರೆ ಅಲ್ಲಿಯ ನೀರಿನ ಲೆಕ್ಕಕ್ಕೆ ಹೊಂದುತ್ತವೆ.

ಕ್ರಮ ಹೀಗಿರಲಿ: ಮುಂಗಾರಿನ ಆರಂಭದಲ್ಲಿ ಹೊಸ ಸಸಿ ನೆಡಿ. ಹಳೆಯ ಮರದ ಕಾಯಿಗಳನ್ನು ಹಣ್ಣಾಗುವ ಮೊದಲೇ ಕೀಳಿ. ಸಸಿ ಎದೆಯೆತ್ತರಕ್ಕೆ ಬಂದ ಮೇಲೆ ಹಳೆಯ ಮರದ ಕೊಂಬೆಗಳನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ. ಕೊನೆಗೆ ಮಣ್ಣು ಹಸಿಯಿರುವಾಗ ಬುಡದ ಗಂಟನ್ನು ಒಂದಡಿ ಆಳದವರೆಗೆ ಅಗೆದು ತೆಗೆಯಿರಿ, ಇಲ್ಲವಾದರೆ ಮತ್ತೆ ಚಿಗುರುತ್ತದೆ. ಮರ ನಿಮ್ಮ ಅಂಗಳದ್ದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕೊಡಲಿ ಎತ್ತುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಶಿಕ್ಷಕರಿಗೆ ಒಂದು ಸಲಹೆ. ನಿಮ್ಮ ವಿದ್ಯಾರ್ಥಿಗಳು ತಮ್ಮ ಬೀದಿಯ ಮರಗಳನ್ನೆಲ್ಲ ಪಟ್ಟಿ ಮಾಡಲಿ. ಪ್ರತಿಯೊಂದರ ಎದುರಿಗೆ ನಾಲ್ಕು ಪ್ರಶ್ನೆಗಳು: ತವರು ಯಾವುದು? ಯಾರು, ಏಕೆ ನೆಟ್ಟರು? ಮೇ ತಿಂಗಳಲ್ಲಿ ನೆರಳು ಕೊಡುತ್ತದೆಯೇ? ತಾಯಿಮರದಿಂದ ಹತ್ತು ಮೀಟರ್ ಆಚೆ ತಾನಾಗಿ ಎದ್ದ ಸಸಿಗಳೆಷ್ಟು? ಎರಡನೆಯದಕ್ಕೆ ಉತ್ತರ ಮನೆಯ ಹಿರಿಯರಿಂದ ಸಿಗುತ್ತದೆ. ನಾಲ್ಕನೆಯದು 1877ರಲ್ಲಿ ಕೇಳದೆ ಬಿಟ್ಟ ಪ್ರಶ್ನೆ.

ಕೊನೆಗೆ ಬನ್ನಿಯ ಮಾತು. ವಿಜಯದಶಮಿಯಂದು ನಾವು ಎಲೆ ವಿನಿಮಯ ಮಾಡಿ "ಬಂಗಾರದಂಗ ಇರೋಣ" ಎನ್ನುವ ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಸಸ್ಯವಿಜ್ಞಾನಿಗಳು ಬಹುಕಾಲ ಒಂದೇ ಕುಲದಲ್ಲಿ, ಪ್ರೊಸೋಪಿಸ್ ಎಂಬ ಹೆಸರಿನಲ್ಲಿ ಇಟ್ಟಿದ್ದರು. ಜೀನುಗಳ ಅಧ್ಯಯನದ ಆಧಾರದ ಮೇಲೆ 2022ರಲ್ಲಿ ಆ ಕುಲವನ್ನು ಒಡೆದರು. ಅಮೆರಿಕದ ಜಾಲಿ 'ನೆಲ್ಟುಮ' ಎಂಬ ಬೇರೆ ಕುಲಕ್ಕೆ ಹೋಯಿತು, ಹಳೆಯ ಹೆಸರು ಬನ್ನಿಗೇ ಉಳಿಯಿತು. ಬನ್ನಿಯೂ ಮುಳ್ಳಿನ ಮರವೇ, ಬರವನ್ನು ತಾಳುವ ಮರವೇ. ಬೆಳೆಯುವುದು ಮಾತ್ರ ನಿಧಾನ. ಮಹಾನವಮಿ ದಿಬ್ಬವಿರುವ ಈ ನಾಡಿನಲ್ಲಿ ಹಬ್ಬದ ದಿನ ಎಲೆ ಕೀಳಲು ಬನ್ನಿ ಮರ ಹುಡುಕಿಕೊಂಡು ಅಲೆಯುವವರು ನಾವು. ಮುಂದಿನ ಮಳೆಗಾಲಕ್ಕೆ ನಿಮ್ಮ ಶಾಲೆಯ ಅಂಗಳದಲ್ಲಾದರೂ ಒಂದು ಬನ್ನಿ ಸಸಿಗೆ ಜಾಗ ಕೊಡಿ. ಅದು ಎಲೆ ಹಂಚುವಷ್ಟು ಬೆಳೆಯುವ ಹೊತ್ತಿಗೆ ಇಂದು ನಿಮ್ಮ ತರಗತಿಯಲ್ಲಿರುವ ಮಕ್ಕಳು ತಮ್ಮ ಮಕ್ಕಳನ್ನು ಅಲ್ಲಿಗೆ ಕರೆತರಬಹುದು.